ಮರಕ್ಕೆ ತೂಗಿದ ಖಾಲಿ ಫ್ರೇಮು

ಈಗ ನಾಮಕರಣಕ್ಕೆ ಹೋಗಿ, ಸೀಮಂತಕ್ಕೆ ಹೋಗಿ, ಮದುವೆಯ ಹಿಂದಿನ ದಿನದ ಅರಿಶಿನ ಶಾಸ್ತ್ರಕ್ಕೆ ಹೋಗಿ, ಅಂಗಳದ ಒಂದು ಮೂಲೆಯಲ್ಲಿ ಖಾಲಿ ಫ್ರೇಮೊಂದು ನೇತಾಡುತ್ತಿರುತ್ತದೆ. ಒಳಗೆ ಗಾಜಿಲ್ಲ, ಪಟವಿಲ್ಲ. ಮಾವಿನ ಕೊಂಬೆಗೋ ಶಾಮಿಯಾನದ ಕಂಬಕ್ಕೋ ದಾರ ಕಟ್ಟಿ ಇಳಿಬಿಟ್ಟಿರುತ್ತಾರೆ. ಬಂದವರು ಒಬ್ಬೊಬ್ಬರಾಗಿ ಅದರ ಹಿಂದೆ ಹೋಗಿ, ಸರಿಯಾಗಿ ನಡುಮಧ್ಯಕ್ಕೆ ತಲೆಯಿಟ್ಟು, ಆಧಾರ್ ಕಾರ್ಡಿಗೆ ಕೊಟ್ಟಿದ್ದ ಅದೇ ಮುಖವನ್ನು ಮತ್ತೊಮ್ಮೆ ಕೊಟ್ಟು ಬರುತ್ತಾರೆ. ಆಮೇಲೆ ಫೋಟೋ ನೋಡಿದರೆ ಫ್ರೇಮಿದೆ, ಮುಖವೂ ಇದೆ. ಒಂದಕ್ಕೂ ಇನ್ನೊಂದಕ್ಕೂ ಮಾತುಕತೆಯೇ ಇಲ್ಲ.

ತಪ್ಪು ಫ್ರೇಮಿನದಲ್ಲ, ಅದನ್ನು ಅಲಂಕಾರವೆಂದುಕೊಂಡದ್ದು. ತೂಗುಹಾಕಿದ ಚೌಕಟ್ಟು ನಾಟಕದ ಪರಿಕರವಿದ್ದ ಹಾಗೆ. ರಂಗದ ಮೇಲೆ ಬಿದ್ದಿರುವ ಕೋಲು ನಟ ಅದನ್ನು ಊರಿ ಬೆನ್ನು ಬಗ್ಗಿಸಿದಾಗ ಮಾತ್ರ ಅಜ್ಜನ ಕೋಲಾಗುತ್ತದೆ. ಫ್ರೇಮನ್ನೂ ಹಾಗೆಯೇ ಮುಟ್ಟಬೇಕು, ಒರಗಬೇಕು, ಅಂಚು ಹಿಡಿದು ಇಣುಕಬೇಕು, ಅದರಿಂದ ಆಚೆಗೆ ಕೈಯನ್ನೋ ಮೊಣಕೈಯನ್ನೋ ಚಾಚಬೇಕು. ಮನುಷ್ಯ ಚೌಕಟ್ಟಿನ ಒಳಗೆ ಹೋಗುವ ಚಿತ್ರಕ್ಕಿಂತ ಅದರಿಂದ ಹೊರಗೆ ಬರುವ ಚಿತ್ರವೇ ಯಾವತ್ತೂ ಮೇಲು. ಈ ಲೇಖನದಲ್ಲಿ ಹೇಳಬೇಕೆಂದಿರುವುದು ಹೆಚ್ಚುಕಡಿಮೆ ಇಷ್ಟೇ. ಉಳಿದದ್ದೆಲ್ಲ ಅದನ್ನು ಸಾಧಿಸುವ ಬಗೆ.

ಪರಿಕರಕ್ಕೂ ಭಾವಚಿತ್ರಕ್ಕೂ ಇರುವ ನಂಟು ಕ್ಯಾಮೆರಾದಷ್ಟೇ ಹಳೆಯದು. ಫೋಟೋಗ್ರಫಿ ಜಗತ್ತಿಗೆ ಪ್ರಕಟವಾದದ್ದು 1839ರಲ್ಲಿ. ಆರಂಭದ ವರ್ಷಗಳಲ್ಲಿ ಒಂದು ಚಿತ್ರ ಮೂಡಲು ಹಲವು ಸೆಕೆಂಡು, ಕೆಲವೊಮ್ಮೆ ನಿಮಿಷಗಳೇ ಬೇಕಾಗುತ್ತಿದ್ದವು. ಅಲುಗಿದರೆ ಮುಖ ಕದಡಿಹೋಗುತ್ತಿತ್ತು. ಹಾಗಾಗಿ ಕುಳಿತವರ ತಲೆಯ ಹಿಂದೆ ಕಾಣದಂತೆ ಕಬ್ಬಿಣದ ಆಸರೆ ಕೊಡುತ್ತಿದ್ದರು. ಕುರ್ಚಿ, ಮೇಜು, ಕಂಬ ಮೊದಲು ಬಂದದ್ದು ಅಂದಕ್ಕಿಂತ ಹೆಚ್ಚಾಗಿ ಒರಗಿಕೊಳ್ಳಲು. ಕಾಲ ಕಳೆದಂತೆ ಕ್ಷಣಾರ್ಧದಲ್ಲಿ ಚಿತ್ರ ಹಿಡಿಯುವುದು ಸಾಧ್ಯವಾಯಿತು, ಆದರೆ ಆ ಸಾಮಾನುಗಳು ಸ್ಟುಡಿಯೊ ಬಿಟ್ಟು ಹೋಗಲಿಲ್ಲ. ನಮ್ಮ ಊರುಗಳ ಹಳೆಯ ಸ್ಟುಡಿಯೊಗಳಲ್ಲಿ ತೆಗೆಸಿದ ಫೋಟೋಗಳನ್ನು ನೆನೆಯಿರಿ: ಹಿಂದೆ ಅರಮನೆಯ ಮೆಟ್ಟಿಲು ಬರೆದ ಪರದೆ, ಪಕ್ಕದಲ್ಲಿ ಪ್ಲಾಸ್ಟಿಕ್ ಹೂದಾನಿ, ಕೈಯಲ್ಲಿ ತಂತಿಯಿಲ್ಲದ ಟೆಲಿಫೋನು ಅಥವಾ ಯಾರೂ ಓದದ ದಪ್ಪ ಪುಸ್ತಕ. ನಗು ಬರುತ್ತದೆ, ನಿಜ. ಆದರೆ ಆ ಸ್ಟುಡಿಯೊದವರಿಗೆ ಒಂದು ಗುಟ್ಟು ಗೊತ್ತಿತ್ತು. ಕ್ಯಾಮೆರಾ ಮುಂದೆ ನಿಂತವರಿಗೆ ಮುಖದ್ದಲ್ಲ, ಕೈಯದ್ದೇ ಕಷ್ಟ. ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಭುಜ ಬಿಗಿಯುತ್ತದೆ, ಭುಜದಿಂದ ಕುತ್ತಿಗೆ, ಕುತ್ತಿಗೆಯಿಂದ ನಗು. ಕೈಗೊಂದು ಕೆಲಸ ಕೊಟ್ಟರೆ ಮುಖ ತಾನೇ ಸಡಿಲವಾಗುತ್ತದೆ.

ಚೌಕಟ್ಟಿನ ವಿಷಯದಲ್ಲಿ ಇದನ್ನು ಫೋಟೋಗ್ರಾಫರುಗಳಿಗಿಂತ ಎಷ್ಟೋ ಮೊದಲು ಚಿತ್ರಕಾರರು ಕಂಡುಕೊಂಡಿದ್ದರು. ಪೋಲೆಂಡಿನ ವಾರ್ಸಾ ನಗರದ ರಾಯಲ್ ಕ್ಯಾಸಲ್‌ನಲ್ಲಿ ರೆಂಬ್ರಾಂಟ್ 1641ರಲ್ಲಿ ಬರೆದ ಒಬ್ಬ ಹುಡುಗಿಯ ಚಿತ್ರವಿದೆ. ಆಕೆಯ ಸುತ್ತ ಒಂದು ಕಟ್ಟು. ಅದೂ ಬಣ್ಣದಲ್ಲೇ ಬರೆದದ್ದು. ಹುಡುಗಿ ಆ ಸುಳ್ಳು ಕಟ್ಟಿನ ಮೇಲೆ ಕೈಯಿಟ್ಟು ನಿಂತಿದ್ದಾಳೆ. ಅಷ್ಟು ಮಾತ್ರಕ್ಕೇ ಆಕೆ ಚಿತ್ರದವಳಲ್ಲ, ಕಿಟಕಿಯಾಚೆ ಬಂದು ನಿಂತವಳು ಅನ್ನಿಸಿಬಿಡುತ್ತದೆ. ಸ್ಪೇನಿನ ಮುರಿಲ್ಲೊ ಸುಮಾರು 1670ರಲ್ಲಿ ತನ್ನದೇ ಭಾವಚಿತ್ರ ಬರೆದುಕೊಂಡ. ಈಗ ಅದು ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಅಂಡಾಕಾರದ ಕಟ್ಟಿನೊಳಗೆ ಗಂಭೀರನಾಗಿ ಕುಳಿತಿರುವ ಆತನ ಒಂದು ಕೈ ಮಾತ್ರ ಕಟ್ಟು ದಾಟಿ ಹೊರಬಂದು ಅದರ ಅಂಚನ್ನು ಹಿಡಿದಿದೆ. ತನ್ನ ಮಕ್ಕಳ ಆಸೆಗಾಗಿ ಬರೆದದ್ದೆಂದು ಅದರ ಮೇಲೇ ಲ್ಯಾಟಿನ್ನಿನಲ್ಲಿ ಬರೆದಿದ್ದಾನೆ. ಇನ್ನೊಬ್ಬ ಸ್ಪೇನಿನವ, ಪೆರೆ ಬೊರೆಲ್ ದೆಲ್ ಕಾಸೊ, 1874ರಲ್ಲಿ ಈ ಆಟವನ್ನು ಕೊನೆಮುಟ್ಟಿಸಿದ. ಬರಿಗಾಲಿನ ಹುಡುಗನೊಬ್ಬ ಚೌಕಟ್ಟಿನ ಎರಡೂ ಬದಿ ಹಿಡಿದು, ಒಂದು ಕಾಲನ್ನು ಅಂಚಿನ ಮೇಲಿಟ್ಟು, ಕಣ್ಣರಳಿಸಿ ನಮ್ಮ ಕೋಣೆಗೇ ಜಿಗಿಯಲು ಹೊರಟಿದ್ದಾನೆ. ಮೂವರ ಕಾಲ ಬೇರೆ, ಮನೋಧರ್ಮ ಬೇರೆ. ಉಪಾಯ ಮಾತ್ರ ಒಂದೇ: ಕೈ ಅಂಚಿನ ಮೇಲೆ ಬಂತೋ, ಚಿತ್ರಕ್ಕೆ ಜೀವ ಬಂತು.

ಅಷ್ಟು ದೂರ ಹೋಗಬೇಕಾದದ್ದೂ ಇಲ್ಲ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಯರನ್ನು ತಲೆಯೆತ್ತಿ ನೋಡಿ. ಒಬ್ಬೊಬ್ಬಳ ನೆತ್ತಿಯ ಮೇಲೂ ಬಳ್ಳಿ ಎಲೆಗಳ ಕಮಾನಿದೆ. ಅದೇ ಆಕೆಯ ಚೌಕಟ್ಟು. ಕನ್ನಡಿ ನೋಡಿಕೊಳ್ಳುವವಳಾಗಲಿ ಕುಣಿಯುವವಳಾಗಲಿ ಆ ಕಮಾನಿನ ಕೆಳಗೆ ನೆಟ್ಟಗೆ, ನಡುಮಧ್ಯಕ್ಕೆ ನಿಂತಿಲ್ಲ. ಸೊಂಟ ಒಂದು ಕಡೆ ಬಾಗಿದ್ದರೆ ಭುಜ ಇನ್ನೊಂದು ಕಡೆ. ಫ್ರೇಮಿನ ಹಿಂದೆ ನಿಲ್ಲುವವರಿಗೆ ನಾನು ಮೊದಲು ಕೊಡುವ ಸಲಹೆಯೂ ಇದೇ: ಒಂದು ಕಾಲಿನ ಮೇಲೆ ಭಾರ ಹಾಕಿ, ನಡು ಬಿಟ್ಟು ಒಂದು ಬದಿಗೆ ಸರಿಯಿರಿ.

ಹತ್ತೊಂಬತ್ತನೆಯ ಶತಮಾನದ ಯುರೋಪಿನ ಶ್ರೀಮಂತರ ಮನೆಗಳಲ್ಲಿ ನಿಜವಾದ ಮನುಷ್ಯರೇ ವೇಷ ಹಾಕಿ ಪ್ರಸಿದ್ಧ ಚಿತ್ರಗಳಂತೆ ಅಲುಗದೆ ನಿಲ್ಲುವ ಆಟವೊಂದಿತ್ತು. ದೊಡ್ಡ ಚಿನ್ನದ ಬಣ್ಣದ ಕಟ್ಟುಗಳೂ ಅದಕ್ಕೆ ಬಳಕೆಯಾಗುತ್ತಿದ್ದವು. ಅಮೆರಿಕದ ಕ್ಯಾಲಿಫೋರ್ನಿಯಾದ ಲಗುನಾ ಬೀಚ್‌ನಲ್ಲಿ 1930ರ ದಶಕದಲ್ಲಿ ಶುರುವಾದ ಅಂಥದ್ದೇ ಪ್ರದರ್ಶನ ಈಗಲೂ ಬೇಸಿಗೆಯಲ್ಲಿ ನಡೆಯುತ್ತದೆ. ಅಲ್ಲಿ ಅಲುಗದಿರುವುದೇ ಕಲೆ. ನಮ್ಮ ಅಂಗಳದ ಫ್ರೇಮಿಗೆ ಅದು ಒಗ್ಗುವುದಿಲ್ಲ.

ಒಗ್ಗದಿರುವುದಕ್ಕೆ ಇನ್ನೊಂದು ಕಾರಣವೂ ಇದೆ. ನಮ್ಮ ಮನೆಗಳಲ್ಲಿ ಕಟ್ಟು ಹಾಕಿಸಿ ನಡುಮನೆಯ ಗೋಡೆಗೆ ತೂಗುಹಾಕುವುದು ಯಾರ ಪಟವನ್ನು? ದೇವರದ್ದು, ಇಲ್ಲವೇ ಹೋದವರದ್ದು. ಮದುವೆ ಫೋಟೋ, ಪದವಿ ಫೋಟೋ ಇರುವುದಿಲ್ಲವೆಂದಲ್ಲ. ಆದರೆ ಎದೆಮಟ್ಟದ ಒಂದೇ ಮುಖ, ಗಂಭೀರ ನೋಟ, ಮೇಲೊಂದು ಹಾರ ಅಂದಕೂಡಲೇ ನೋಡುವ ಕಣ್ಣು ಬೇರೇನನ್ನೂ ಯೋಚಿಸುವುದಿಲ್ಲ. ಸಮಾರಂಭದಲ್ಲಿ ಅಜ್ಜಿಯನ್ನು ಚೌಕಟ್ಟಿನ ಹಿಂದೆ ಕರೆದರೆ "ಬದುಕಿರೋಳನ್ನ ಪಟ ಮಾಡ್ತೀಯೇನೋ ಮಗಾ?" ಎಂದು ಅವರು ಹಿಂದೆಗೆಯುವುದು ಸುಮ್ಮನೆ ಅಲ್ಲ. ನಕ್ಕು ತಳ್ಳಿಹಾಕುವ ಮಾತೂ ಅಲ್ಲ. ಅದು ಚಿತ್ರಭಾಷೆಯ ಪ್ರಶ್ನೆ, ಮೂಢನಂಬಿಕೆಯದ್ದಲ್ಲ. ಅಲಂಕಾರ ಮಾಡುವವರು ಫ್ರೇಮಿನ ಮೇಲ್ಪಟ್ಟಿಯ ಎರಡೂ ತುದಿಯಿಂದ ಚೆಂಡುಹೂವಿನ ಹಾರ ಇಳಿಬಿಡುವುದನ್ನು ನೋಡಿದಾಗಲೆಲ್ಲ ನನಗೆ ಕೈ ಕಟ್ಟಿಹಾಕಿದಂತಾಗುತ್ತದೆ. ಹೂವು ಬೇಕೇ ಬೇಕೆಂದರೆ ಒಂದು ಮೂಲೆಗೆ, ಓರೆಯಾಗಿ, ಗೊಂಚಲಾಗಿ ಕಟ್ಟಿಸಿ. ಕಪ್ಪು ಕಟ್ಟು ಬೇಡ. ಎದೆಮಟ್ಟಕ್ಕೆ ಕತ್ತರಿಸಿದ ನೇರ ಮುಖ ಬೇಡವೇ ಬೇಡ. ಅಜ್ಜಿ ಚೌಕಟ್ಟಿನ ಪಕ್ಕಕ್ಕೆ ನಿಂತು ಒಳಗಿಂದ ಮೊಮ್ಮಗುವನ್ನು ಹೊರಗೆ ಎತ್ತಿಕೊಳ್ಳುತ್ತಿರಲಿ. ಸಾವಿನ ಪಟದ ನೆನಪು ಅಲ್ಲಿ ಸುಳಿಯುವುದೇ ಇಲ್ಲ.

ಇನ್ನು ಕೆಲಸದ ಮಾತಿಗೆ ಬರೋಣ. ಇದರಲ್ಲಿ ಎಲ್ಲರೂ ಎಡವುವುದು ದೂರದ ಲೆಕ್ಕದಲ್ಲಿ. ಮೂರು ದೂರಗಳಿವೆ: ಕ್ಯಾಮೆರಾದಿಂದ ಫ್ರೇಮಿಗೆ, ಫ್ರೇಮಿನಿಂದ ಮನುಷ್ಯನಿಗೆ, ಮನುಷ್ಯನಿಂದ ಹಿನ್ನೆಲೆಗೆ. ಎರಡು ಅಡಿ ಅಗಲದ ಫ್ರೇಮು ಕ್ಯಾಮೆರಾದಿಂದ 6 ಅಡಿಗೆ ತೂಗುತ್ತಿದೆ ಎಂದುಕೊಳ್ಳಿ. ವ್ಯಕ್ತಿ ಅದರ ಹಿಂದೆ 3 ಅಡಿಗೆ, ಅಂದರೆ ಕ್ಯಾಮೆರಾದಿಂದ 9 ಅಡಿಗೆ ನಿಂತಿದ್ದಾರೆ. ಆಗ ಫ್ರೇಮಿನೊಳಗೆ ಕಾಣುವುದು ಎರಡಡಿಯಲ್ಲ, ಮೂರಡಿ ಅಗಲದ ಜಾಗ. ಒಬ್ಬರು ಆರಾಮಾಗಿ ಹಿಡಿಸುತ್ತಾರೆ, ಅಕ್ಕಪಕ್ಕ ಗಾಳಿಯೂ ಆಡುತ್ತದೆ. ಈಗ ಫ್ರೇಮನ್ನಾಗಲಿ ವ್ಯಕ್ತಿಯನ್ನಾಗಲಿ ಕದಲಿಸದೆ ನೀವೇ ಹಿಂದಕ್ಕೆ ಹೋಗಿ, ಫ್ರೇಮಿನಿಂದ 15 ಅಡಿಗೆ ನಿಂತು ದೊಡ್ಡ ಲೆನ್ಸಿನಲ್ಲಿ ಹತ್ತಿರಕ್ಕೆ ಎಳೆಯಿರಿ. ಒಳಗೆ ಕಾಣುವ ಜಾಗ 2.4 ಅಡಿಗೆ ಇಳಿಯುತ್ತದೆ. ಹಿಂದೆ ಹೋದಷ್ಟೂ ಹೆಚ್ಚು ಕಾಣಬೇಕು ಎಂಬುದು ನಮ್ಮ ಅಂದಾಜು. ಕಿಂಡಿಯ ಮೂಲಕ ನೋಡುವಾಗ ಅದು ತಲೆಕೆಳಗಾಗುತ್ತದೆ. ಇಬ್ಬರು ಹಿಡಿಸಲಿಲ್ಲ ಎಂದು ಹೆಜ್ಜೆ ಹೆಜ್ಜೆಯಾಗಿ ಹಿಂದಕ್ಕೆ ಹೋಗುವ ಫೋಟೋಗ್ರಾಫರ್ ಮಾಡಬೇಕಾದದ್ದು ಇಷ್ಟೇ: ಫ್ರೇಮಿನ ಹತ್ತಿರಕ್ಕೆ ಬರುವುದು, ಅಥವಾ ಜೋಡಿಯನ್ನು ಇನ್ನೂ ಸ್ವಲ್ಪ ಹಿಂದಕ್ಕೆ ಕಳಿಸುವುದು.

ಸ್ಪಷ್ಟತೆಯ ಲೆಕ್ಕವೂ ಇದೇ ದೂರಕ್ಕೆ ಜೋಡಿಕೊಂಡಿದೆ. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ ಭಾವಚಿತ್ರಕ್ಕೆಂದೇ ಮೆಚ್ಚುವ 85 ಎಂಎಂ ಲೆನ್ಸು ಹಾಕಿ, ಎಫ್/1.8ಕ್ಕೆ ತೆರೆದು, 8 ಅಡಿ ದೂರದ ಮುಖಕ್ಕೆ ಫೋಕಸ್ ಮಾಡಿದರೆ ಹಿಂದುಮುಂದು ಸೇರಿ ಸ್ಪಷ್ಟವಾಗಿ ಬರುವುದು ಮೂರೂವರೆ ಇಂಚಿನಷ್ಟು ಆಳ ಮಾತ್ರ. ಕಣ್ಣು ಬಂದರೆ ಕಿವಿ ಮಸುಕು. ಅಂಥದ್ದರಲ್ಲಿ ಮೂರಡಿ ಮುಂದಿರುವ ಫ್ರೇಮು ಕಲೆಸಿದ ಬಣ್ಣದ ಪಟ್ಟೆಯಾಗುತ್ತದೆ. ಅದು ಬೇಕೆಂದೇ ಮಾಡಿದ್ದಾದರೆ ಚೆನ್ನ. ಮುಖಕ್ಕೆ ಮೆತ್ತನೆಯ ಅಂಚು ಕೊಟ್ಟಂತಾಗುತ್ತದೆ. ಕೆತ್ತನೆಯ ಕಟ್ಟೂ ಕಾಣಲಿ, ಮುಖವೂ ಕಾಣಲಿ ಎಂದರೆ 50 ಎಂಎಂ ಲೆನ್ಸಿನಲ್ಲಿ ಎಫ್/8ಕ್ಕೆ ಇಳಿಸಿ 10 ಅಡಿ ದೂರದಿಂದ ತೆಗೆಯಿರಿ. ಮುಖದಿಂದ ಸುಮಾರು ಎರಡು ಅಡಿ ಮುಂದಿನವರೆಗೂ ಚುರುಕಾಗಿಯೇ ಇರುತ್ತದೆ. ಕೆಟ್ಟದ್ದು ಇವೆರಡರ ನಡುವಿನದು: ಫ್ರೇಮು ಪೂರ್ತಿ ಕರಗಿಯೂ ಇಲ್ಲ, ಸ್ಪಷ್ಟವೂ ಇಲ್ಲ. ಅದು ತಪ್ಪಿನಂತೆಯೇ ಕಾಣುತ್ತದೆ, ಏಕೆಂದರೆ ತಪ್ಪೇ.

ಕೈ ಅಂಚಿನ ಮೇಲಿರಲಿ ಎಂದು ನಾನು ಇಷ್ಟು ಹೇಳುವುದರಲ್ಲಿ ಈ ಲಾಭವೂ ಸೇರಿದೆ. ಫ್ರೇಮನ್ನು ಹಿಡಿದು ಮುಖವನ್ನು ಅಂಚಿನ ಪಕ್ಕಕ್ಕೇ ತಂದವರು ಫ್ರೇಮಿನಷ್ಟೇ ದೂರದಲ್ಲಿರುತ್ತಾರೆ. ಹಿಂದಿನ ತೋಟ ಎಷ್ಟು ಬೇಕಾದರೂ ಮಸುಕಾಗಲಿ, ಕಟ್ಟು ಮತ್ತು ಕಣ್ಣು ಎರಡೂ ಉಳಿಯುತ್ತವೆ.

ನೇತುಹಾಕುವುದು ಇನ್ನೊಂದು ವಿದ್ಯೆ. ಕಟ್ಟಿಗೆ ಗಟ್ಟಿತನ ಬರುವುದರಲ್ಲಿ ಗಾಜು ಮತ್ತು ಹಿಂದಿನ ರಟ್ಟಿನ ಪಾಲು ದೊಡ್ಡದು. ಅವನ್ನು ತೆಗೆದ ಮೇಲೆ ಉಳಿಯುವುದು 45 ಡಿಗ್ರಿಗೆ ಕೊಯ್ದು ಮೊಳೆ ಹೊಡೆದ ನಾಲ್ಕು ಪಟ್ಟಿಗಳು. ಮೇಲಿನ ಪಟ್ಟಿಗೆ ಮಾತ್ರ ದಾರ ಕಟ್ಟಿ ತೂಗಿಬಿಟ್ಟರೆ ಕೆಳಗಿನ ಪಟ್ಟಿಯ ಭಾರವೆಲ್ಲ ಮೂಲೆಯ ಜೋಡಣೆಯ ಮೇಲೆ ಬಿದ್ದು, ಯಾರಾದರೂ ಒರಗಿದ ಕ್ಷಣ ಬಾಯಿ ಬಿಡುತ್ತದೆ. ಹಿಂಬದಿಯ ನಾಲ್ಕೂ ಮೂಲೆಗೆ ಎಲ್ ಆಕಾರದ ಕಬ್ಬಿಣದ ಪಟ್ಟಿ ಹೊಡೆಸಿಕೊಳ್ಳಿ. ಕಟ್ಟು ಹಾಕುವ ಅಂಗಡಿಯವರಿಗೆ ಇದು ಹತ್ತು ನಿಮಿಷದ ಕೆಲಸ. ಒಂದೇ ದಾರದಲ್ಲಿ ತೂಗಿದ ಫ್ರೇಮು ಗಿರಗಿರ ತಿರುಗುತ್ತದೆ, ಎರಡು ದಾರದ್ದು ಹಿಂದಕ್ಕೂ ಮುಂದಕ್ಕೂ ತೂಗುತ್ತದೆ. ಅದಕ್ಕೇ ಮೇಲಿನ ಎರಡು ಮೂಲೆಗೆ ಎರಡು ದಾರ, ಕೆಳಗಿನ ಎರಡು ಮೂಲೆಯಿಂದ ನೆಲಕ್ಕೆ ಎರಡು ದಾರ ಬಿಗಿದು ಕಲ್ಲಿಗೋ ಗೂಟಕ್ಕೋ ಕಟ್ಟಬೇಕು. ಕಾಣಬಾರದೆಂದು ಮೀನು ಹಿಡಿಯುವ ನೈಲಾನ್ ದಾರ ಬಳಸುವವರೇ ಹೆಚ್ಚು. ಅದು ಜಾರುವ ಜಾತಿ, ಮಾಮೂಲಿ ಗಂಟು ನಿಲ್ಲುವುದಿಲ್ಲ. ಹಲವು ಸುತ್ತು ಹಾಕಿಯೇ ಗಂಟು ಬಿಗಿಯಬೇಕು. ಕಾಣದ ದಾರ ಓಡಾಡುವ ಮಕ್ಕಳಿಗೂ ಕಾಣುವುದಿಲ್ಲ ಎಂಬುದನ್ನು ಮರೆಯಬಾರದು. ಫೋಟೋ ತೆಗೆಯದ ಹೊತ್ತಿನಲ್ಲಿ ಅದಕ್ಕೊಂದು ಬಣ್ಣದ ಬಟ್ಟೆ ಕಟ್ಟಿಡಿ. ನನ್ನನ್ನು ಕೇಳಿದರೆ ಅಡಗಿಸುವ ಗೋಜೇ ಬೇಡ, ಸಣಬಿನ ಹಗ್ಗವೇ ಚೆಂದ. ಗೋಡೆಯಿಲ್ಲದ ಕಡೆ ಕಟ್ಟು ತೂಗುತ್ತಿದೆ ಎಂಬುದನ್ನು ಹಗ್ಗವೇ ಹೇಳುತ್ತದೆ. ಗಾಳಿಯಲ್ಲಿ ತೇಲುವ ಫ್ರೇಮಿನ ಮಾಯಾಜಾಲ ಒಂದು ಫೋಟೋಗೆ ಸರಿ, ಹತ್ತನೆಯದಕ್ಕೆ ಬೇಸರ.

ಫ್ರೇಮು ವಾಲಿದ್ದರೆ? ಎರಡು ಡಿಗ್ರಿ ವಾಲಿದ್ದು ಅಜಾಗರೂಕತೆ, ಹದಿನೈದು ಡಿಗ್ರಿ ವಾಲಿದ್ದು ಉದ್ದೇಶ. ನಡುವೆ ನಿಲ್ಲಬೇಡಿ.

ಬೆಳಕಿನ ವಿಷಯದಲ್ಲಿ ಎಚ್ಚರ ಒಂದೇ, ನೆರಳಿನದು. ಸೂರ್ಯ ನಿಮ್ಮ ಬೆನ್ನ ಹಿಂದೆ 45 ಡಿಗ್ರಿ ಎತ್ತರದಲ್ಲಿದ್ದಾನೆ ಎನ್ನಿ. ಫ್ರೇಮಿನ ಹಿಂದೆ ಒಂದಡಿಗೆ ನಿಂತವರ ಮೇಲೆ ಮೇಲ್ಪಟ್ಟಿಯ ನೆರಳು ಒಂದಡಿ ಕೆಳಗೆ ಬೀಳುತ್ತದೆ. ಮೇಲ್ಪಟ್ಟಿಯನ್ನು ತಲೆಗಿಂತ ತುಸು ಎತ್ತರಕ್ಕೆ ಕಟ್ಟಿರುತ್ತೇವಲ್ಲ, ಹಾಗಾಗಿ ಆ ಪಟ್ಟೆ ಬಂದು ಕೂರುವುದು ಸರಿಯಾಗಿ ಕಣ್ಣಿನ ಆಸುಪಾಸಿನಲ್ಲಿ. ಮೂರಡಿ ಹಿಂದೆ ಸರಿದರೆ ಎದೆಗಿಂತ ಕೆಳಕ್ಕೆ ಇಳಿಯುತ್ತದೆ. ಅದಕ್ಕಿಂತ ಸುಲಭದ ದಾರಿ ಎಂದರೆ ಹೊಂಗೆಯೋ ಮಾವೋ ಇರುವ ಕಡೆ ದಟ್ಟ ನೆರಳಿಗೆ ಫ್ರೇಮನ್ನೇ ಒಯ್ಯುವುದು. ಎಲೆಗಳ ನಡುವಿನ ಚುಕ್ಕಿ ಬಿಸಿಲು ಮುಖದ ಮೇಲಿಲ್ಲವೆಂದು ಮಾತ್ರ ನೋಡಿಕೊಳ್ಳಿ. ಹೊಳೆಯುವ ಚಿನ್ನದ ಬಣ್ಣದ ಕಟ್ಟಿಗೆ ಎದುರಿನಿಂದ ಫ್ಲ್ಯಾಶ್ ಹೊಡೆದರೆ ಮುಖಕ್ಕಿಂತ ಮೊದಲು ಕಟ್ಟೇ ಕಣ್ಣಿಗೆ ರಾಚುತ್ತದೆ. ಬಿಳಿ ಫ್ರೇಮಿನದು ಬೇರೆ ತಕರಾರು. ಕ್ಯಾಮೆರಾದ ಬೆಳಕಿನ ಮಾಪಕ ಕಂಡದ್ದನ್ನೆಲ್ಲ ನಡುಬೂದು ಬಣ್ಣಕ್ಕೆ ತರಲು ನೋಡುತ್ತದೆ. ದೊಡ್ಡ ಬಿಳಿ ಕಟ್ಟು ಎದುರಿಗಿದ್ದರೆ ಇಡೀ ಚಿತ್ರವನ್ನು ಮಂಕು ಮಾಡುತ್ತದೆ. ಮೊದಲು ಪೆಟ್ಟು ತಿನ್ನುವುದು ಕಂದು, ಕಪ್ಪು ಮೈಬಣ್ಣದ ಮುಖಗಳು. "ಫೋಟೋದಲ್ಲಿ ಕಪ್ಪಗೆ ಬಂದೆ" ಎಂದು ಮದುಮಗಳು ಕೊರಗುವುದಕ್ಕೆ ಕಾರಣ ಆಕೆಯ ಬಣ್ಣವಲ್ಲ, ಬಿಳಿ ಥರ್ಮೋಕೋಲ್ ಫ್ರೇಮು. ಮಾಪನವನ್ನು ಮುಖದ ಮೇಲೇ ಮಾಡಿ.

ಮೊಬೈಲಿನಲ್ಲಿ ತೆಗೆಯುವವರಿಗೆ ಎರಡೇ ಮಾತು. ಪೋರ್ಟ್ರೇಟ್ ಮೋಡ್ ಆಫ್ ಮಾಡಿ. ಅದು ಲೆನ್ಸಿನಿಂದ ಬಂದ ಮಸುಕಲ್ಲ. ಮನುಷ್ಯ ಯಾವುದು, ಹಿನ್ನೆಲೆ ಯಾವುದು ಎಂದು ಫೋನು ಊಹಿಸಿ ಬಳಿದದ್ದು. ಮುಖದ ಮುಂದೆಯೇ ಅಡ್ಡಪಟ್ಟಿ ಬಂದಾಗ ಆ ಊಹೆ ಕೆಡುತ್ತದೆ, ಫ್ರೇಮಿನ ಒಂದು ಬದಿ ಕರಗಿ ಇನ್ನೊಂದು ಬದಿ ಉಳಿಯುತ್ತದೆ. ಎರಡನೆಯದು, ಫೋನಿನ ಮುಖ್ಯ ಕ್ಯಾಮೆರಾ ಅಗಲ ನೋಟದ್ದು. ತೀರ ಹತ್ತಿರ ಹೋಗಿ ಸ್ವಲ್ಪ ಓರೆ ಹಿಡಿದರೂ ಆಯತದ ಫ್ರೇಮು ಮೇಲೆ ಅಗಲ, ಕೆಳಗೆ ಕಿರಿದಾಗುತ್ತದೆ. 2ಎಕ್ಸ್ ಒತ್ತಿ, ನಾಲ್ಕು ಹೆಜ್ಜೆ ಹಿಂದೆ ನಿಂತು, ಫೋನನ್ನು ಫ್ರೇಮಿನ ನಡುಮಟ್ಟಕ್ಕೆ ನೆಟ್ಟಗೆ ಹಿಡಿಯಿರಿ.

ಇಷ್ಟೆಲ್ಲ ಮಾಡಿಯೂ ಒಂದು ಪ್ರಶ್ನೆ ಉಳಿಯುತ್ತದೆ: ಫ್ರೇಮಿನ ಹೊರಗೆ ಏನಿರಬೇಕು? ಫೋಟೋಗೇ ನಾಲ್ಕು ಅಂಚುಗಳಿರುವಾಗ ಅದರೊಳಗೆ ಅದೇ ಅಳತೆಯ ಇನ್ನೊಂದು ಚೌಕವಿಟ್ಟು ತುಂಬಿಸಿದರೆ ಕಾಗದಕ್ಕೆ ಅಂಚು ಕಟ್ಟಿದಂತಾದೀತೇ ಹೊರತು ಇನ್ನೇನೂ ಆಗುವುದಿಲ್ಲ. ಅಮೆರಿಕದ ಆರ್ನಲ್ಡ್ ನ್ಯೂಮನ್ 1946ರಲ್ಲಿ ತೆಗೆದ ಸಂಗೀತಗಾರ ಇಗೋರ್ ಸ್ಟ್ರಾವಿನ್‌ಸ್ಕಿಯ ಭಾವಚಿತ್ರದಲ್ಲಿ ಮನುಷ್ಯ ಕೆಳಗಿನ ಎಡಮೂಲೆಯಲ್ಲಿ ಚಿಕ್ಕದಾಗಿ ಕುಳಿತಿದ್ದಾನೆ. ಉಳಿದ ಚಿತ್ರವೆಲ್ಲ ತೆರೆದಿಟ್ಟ ಪಿಯಾನೊದ ಕಪ್ಪು ಮುಚ್ಚಳದ್ದು. ಯಾರಿಗಾಗಿ ತೆಗೆದಿದ್ದನೋ ಆ ಪತ್ರಿಕೆ ಅದನ್ನು ಬೇಡವೆಂದಿತ್ತು. ಇಂದು ಇಪ್ಪತ್ತನೆಯ ಶತಮಾನದ ಭಾವಚಿತ್ರಗಳ ಮಾತು ಬಂದರೆ ಅದನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಮುಖಕ್ಕೆ ಎಷ್ಟು ಜಾಗ ಕೊಟ್ಟೆವು ಎಂಬುದಕ್ಕಿಂತ ಸುತ್ತಲಿನದು ಆ ಮುಖದ ಬಗ್ಗೆ ಏನು ಹೇಳುತ್ತದೆ ಎಂಬುದು ಮುಖ್ಯ ಎಂದು ಅದು ತೋರಿಸಿಕೊಟ್ಟಿತು. ತೂಗುವ ಫ್ರೇಮಿನ ನಿಜವಾದ ಬಲ ಇರುವುದೂ ಇಲ್ಲೇ. ಬಾಗಿಲವಾಡ, ಕಿಟಕಿ ಎಲ್ಲಿ ಇವೆಯೋ ಅಲ್ಲಿಗೆ ನಾವು ಹೋಗಬೇಕು. ಫ್ರೇಮನ್ನು ಮನುಷ್ಯ ಇರುವಲ್ಲಿಗೆ ಒಯ್ಯಬಹುದು. ಇಳಕಲ್ಲಿನ ನೇಕಾರರ ಮಗ್ಗದ ಮುಂದೆ, ಚನ್ನಪಟ್ಟಣದ ಬಣ್ಣದ ಗೊಂಬೆಗಳ ಕಾರ್ಖಾನೆಯಲ್ಲಿ, ಅಡಕೆ ಸುಲಿಯುವ ಅಂಗಳದಲ್ಲಿ ತೂಗಿ ನೋಡಿ. ಫ್ರೇಮು ಚಿತ್ರದ ಮೂರನೆಯ ಒಂದು ಭಾಗ ಇದ್ದರೆ ಸಾಕು. ಒಳಗೆ ಮುಖ, ಹೊರಗೆ ಆ ಮುಖ ದಿನವಿಡೀ ನೋಡುವ ಲೋಕ, ಎರಡರ ನಡುವೆ ಅಂಚಿನ ಮೇಲೆ ಕೆಲಸ ಮಾಡಿ ಗಟ್ಟಿಯಾದ ಕೈ. ಮದುವೆ ಮನೆಯ ಬಾಡಿಗೆ ಫ್ರೇಮಿನ ಮೇಲೆ ಇಂಗ್ಲಿಷಿನಲ್ಲಿ ವಧೂವರರ ಹೆಸರು ಹೊಡೆಸುವ ಖರ್ಚಿನಲ್ಲಿ ಇಂಥ ಹತ್ತು ಚಿತ್ರ ತೆಗೆಯಬಹುದು.

ಫ್ರೇಮು ಎಲ್ಲಿಂದ ತರುವುದೆಂದರೆ ಹೊಸದನ್ನೇ ಮಾಡಿಸಬೇಕಾಗಿಲ್ಲ. ಸಿಂಥೆಟಿಕ್ ಪಟ್ಟಿಯವು ಹಗುರ, ತೂಗಲು ಅನುಕೂಲ. ಹಳೆಯ ಸಾಗವಾನಿಯದ್ದು ಭಾರ, ಆದರೆ ಅದರ ಬಣ್ಣ ಮತ್ತು ಗೀರು ಬೇರೆ ಯಾವುದಕ್ಕೂ ಬರುವುದಿಲ್ಲ. ಗುಜರಿ ಅಂಗಡಿಯಲ್ಲಿ ಸಿಗುತ್ತವೆ. ಎಷ್ಟೋ ಮನೆಗಳ ಅಟ್ಟದಲ್ಲೇ ಇರುತ್ತವೆ. ಇಲ್ಲಿ ಒಂದು ಕೋರಿಕೆ. ಅಟ್ಟದಿಂದ ಇಳಿಸಿದ ಕಟ್ಟಿನಲ್ಲಿ ಯಾರದ್ದಾದರೂ ಹಳೆಯ ಫೋಟೋ ಇದ್ದರೆ ಅವಸರದಲ್ಲಿ ಕೀಳಬೇಡಿ. ಹಳೆಯ ಕಪ್ಪು-ಬಿಳುಪು ಫೋಟೋದ ಮೇಲ್ಪದರ ಜೆಲಟಿನ್ನಿನದು. ಮಲೆನಾಡು, ಕರಾವಳಿಯ ಮಳೆಗಾಲದ ತೇವಕ್ಕೆ ಅದು ಮೆತ್ತಗಾಗಿ ಗಾಜಿಗೆ ಅಂಟಿಕೊಂಡಿರುತ್ತದೆ. ಎಳೆದರೆ ಮುಖವೇ ಗಾಜಿನ ಜೊತೆ ಕಿತ್ತು ಬರುತ್ತದೆ. ಮೊದಲು ಗಾಜಿನ ಮೇಲಿಂದಲೇ, ಕನ್ನಡಿ ಹೊಡೆಯದಂತೆ ಓರೆ ಬೆಳಕಿನಲ್ಲಿ, ಒಂದು ಒಳ್ಳೆಯ ಪ್ರತಿ ತೆಗೆದಿಟ್ಟುಕೊಳ್ಳಿ. ಫೋಟೋದ ಹಿಂದೆ ಸ್ಟುಡಿಯೊದ ಮುದ್ರೆಯೋ ಇಸವಿಯೋ ಇದ್ದರೆ ಬರೆದುಕೊಳ್ಳಿ. ಅಂಟಿದ್ದರೆ ಗಾಜು ಸಮೇತ ಹಾಗೆಯೇ ಬಿಟ್ಟುಬಿಡಿ, ತೂಗಲು ಬೇರೆ ಫ್ರೇಮು ಹುಡುಕಿಕೊಳ್ಳಿ.